ಮೂರು ಸಲ ಲಟಕ್

ರಾತ್ರಿ ಒಂದೂವರೆಗೆ ‘ಲಟಕ್’ ಎಂದಿತು.

ಸದ್ದಮ್ಮ ಸಿನಿಮಾ ನಿಲ್ಲಿಸಿ, ಆ ದೃಶ್ಯದ ಕೆಳಗೆ ಕಂಸದಲ್ಲಿ ಬರೆದಳು: (ಲಟಕ್. ಯಾರೋ ಚಿಲಕ ಸರಿಸಿದ ಸದ್ದು.)

ಕಿವಿ ಕೇಳದವರಿಗಾಗಿ ಸಿನಿಮಾದ ಸದ್ದುಗಳನ್ನು ಅಕ್ಷರಕ್ಕಿಳಿಸುವುದು ಅವಳ ಕೆಲಸ. ಸದ್ದಮ್ಮ ಎಂಬುದು ಆಫೀಸಿನವರು ಇಟ್ಟ ಹೆಸರು. ಹೆದರಿಸುವ ಸಿನಿಮಾ ಮನೆಗೆ ಬಂದರೆ ಅವಳು ಒಂದೇ ಕಿವಿಗೆ ಇಯರ್‌ಫೋನ್ ಹಾಕಿಕೊಳ್ಳುತ್ತಿದ್ದಳು. ಇನ್ನೊಂದು ಕಿವಿ ಮುಂಬಾಗಿಲಿಗೆ ಮೀಸಲು.

ಈ ಸಿನಿಮಾದಲ್ಲಂತೂ ಏನೂ ಆಗುತ್ತಿರಲಿಲ್ಲ. ಒಬ್ಬ ಹೆಂಗಸು, ಒಂದು ಮನೆ, ಒಳಗೆ ಯಾರೋ ಇದ್ದಾರೆಂಬ ಅನುಮಾನ. ಎರಡು ಗಂಟೆ ಒಲೆಯ ಮುಂದೆ ಹಾಲು ಕಾಯುತ್ತ ನಿಂತ ಹಾಗೆ. ಉಕ್ಕುವುದೂ ಇಲ್ಲ, ಕಣ್ಣು ಕೀಳುವ ಹಾಗೂ ಇಲ್ಲ. ಆ ಹೆಂಗಸು ಬಾಗಿಲ ಕಡೆ ಹೊರಟಾಗಲೆಲ್ಲ ಸದ್ದಮ್ಮ ಕಾಲನ್ನು ಕುರ್ಚಿಯ ಮೇಲೆ ಎಳೆದುಕೊಳ್ಳುತ್ತಿದ್ದಳು. ಮೂರು ಸಲ ಹೊರಟಳು. ಮೂರು ಸಲವೂ ಲಟಕ್.

ಎಂಟು ದಿನದ ಮೇಲೆ ಬೆಳಿಗ್ಗೆ ಮೇಲ್ವಿಚಾರಕಿ ಫೋನು ಮಾಡಿದರು.

“ನಿನ್ನೆ ಕಿವಿ ಕೇಳದವರಿಗೆ ಸಿನಿಮಾ ತೋರ್ಸಿದ್ರಂತೆ. ಚಿಲಕ ಅಂದ್ರೆ ಚಿಲಕ ಅಂತ ಎಲ್ರೂ ಹೊಗಳಿ ಬರ್ದಿದ್ದಾರೆ. ನಿರ್ದೇಶಕರು ಬಂದು ಕೂತಿದ್ದಾರೆ, ಯಾವ ಚಿಲಕ ಅಂತ ಕೇಳ್ತಿದ್ದಾರೆ ಕಣಮ್ಮ!”

ಸದ್ದಮ್ಮ ತಿಂಡಿಯನ್ನೂ ಬಿಟ್ಟು ಆಫೀಸಿಗೆ ಹೊರಟಳು. ಕುಕ್ಕರಿನ ಸೀಟಿಯನ್ನು ರೈಲಿನದೆಂದು ಬರೆದು ಹೋದ ತಿಂಗಳಷ್ಟೇ ಎಚ್ಚರಿಕೆಯ ಪತ್ರ ಪಡೆದಿದ್ದಳು. ಇನ್ನೊಂದು ತಪ್ಪಾದರೆ ಕೆಲಸವಿಲ್ಲ.

ಆಫೀಸಿನ ಕಿರುಕೋಣೆಯಲ್ಲಿ ಧ್ವನಿ ಎಂಜಿನಿಯರ್ ಹೆಡ್‌ಫೋನ್ ಕಿತ್ತಿಟ್ಟ. “ಹದಿನೇಳು ಸಲ ಕೇಳ್ದೆ. ಚಿಲಕ ಇಲ್ಲ, ಚಿಲಕದ ಅಪ್ಪನೂ ಇಲ್ಲ.”

“ತಡೀರಿ, ನಂಗೇನೋ ಟಿಕ್ ಅಂದಂಗಾಯ್ತು,” ಎಂದರು ಮೇಲ್ವಿಚಾರಕಿ.

“ಅದು ನಿಮ್ಮ ಪೆನ್ನು, ಮೇಡಂ.”

ಮೂಲೆಯಲ್ಲಿದ್ದ ನಿರ್ದೇಶಕರು ಅಷ್ಟು ಹೊತ್ತಿಗೆ ಬಾಯಿಬಿಟ್ಟರು. “ಸ್ಪೀಕರಿಗೆ ಹಾಕಿ. ಲೈಟ್ ಆರ್ಸಿ.”

ಕತ್ತಲಾಯಿತು. ತೆರೆಯ ಮೇಲಿನ ಹೆಂಗಸು ಬಾಗಿಲ ಕಡೆ ಹೊರಟಳು. ಆಚೆ ಯಾರೂ ಇಲ್ಲವೆಂದು ಸದ್ದಮ್ಮನಿಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಮೈ ಜುಮ್ಮೆಂದಿತು. ಮೆಲ್ಲಗೆ ಕಾಲು ಮೇಲೆಳೆದುಕೊಂಡಳು.

ಲಟಕ್.

“ಅಯ್ಯೋ, ಬಂತು!” ಮೇಲ್ವಿಚಾರಕಿ ಎಂಜಿನಿಯರನ ತೋಳು ಹಿಡಿದುಕೊಂಡರು.

“ಇದೆ ಕಣ್ರೀ!” ನಿರ್ದೇಶಕರು ಎದ್ದು ನಿಂತಿದ್ದರು. “ಎರಡು ವರ್ಷ ಕೂತು ಮಾಡಿದ ನನಗೇ ಕೇಳಿಸ್ದೇ ಇದ್ದಿದ್ದು ಇವರಿಗೆ ಕೇಳಿಸ್ತಲ್ಲ!”

ಸದ್ದಮ್ಮ ಕತ್ತಲಲ್ಲಿ ತನ್ನ ಬಲಮಂಡಿಯನ್ನು ಮುಟ್ಟಿ ನೋಡಿಕೊಂಡಳು. ಸದ್ದು ಬಂದದ್ದು ಅಲ್ಲಿಂದಲೇ. ಸಿನಿಮಾ ಅವಳಿಗೆ ಕೊಟ್ಟಿದ್ದು ಒಂದು ಖಾಲಿ ಮನೆ ಮಾತ್ರ. ಒಳಗೆ ಬಂದವಳು ತಾನೇ.

“ಸಾರ್, ಅದು ನಿಜವಾಗಿ...”

“ಏನೂ ಹೇಳ್ಬೇಡಿ! ಬಿಡಿಸಿ ಹೇಳಿದ್ರೆ ಭಯ ಸತ್ತೇ ಹೋಗುತ್ತೆ. ನನ್ನ ಮುಂದಿನ ಮೂರು ಸಿನಿಮಾನೂ ನೀವೇ ಕೇಳ್ಬೇಕು. ಮೂರೂ ಇಂಥವೇ. ಇನ್ನೂ ನಿಧಾನ.”

ಕೆಲಸ ಉಳಿಯಿತು, ನಿದ್ದೆ ಹೋಯಿತು.

ಸಂಜೆ ಅವಳು ಮಂಡಿ ತೋರಿಸಲು ಮೂಳೆ ವೈದ್ಯರ ಬಳಿ ಹೋಗುವುದಿತ್ತು. ಕ್ಲಿನಿಕ್ಕಿನ ಮೆಟ್ಟಿಲ ತನಕ ಹೋದಳು. ಮೊದಲ ಮೆಟ್ಟಿಲು ಹತ್ತಿದಳು: ಲಟಕ್. ಅಲ್ಲೇ ನಿಂತಳು. ಡಾಕ್ಟರು ಗುಣಪಡಿಸಿಬಿಟ್ಟರೆ ಮೂರು ಸಿನಿಮಾದ ಗತಿಯೇನು?

ಯಾರಿಗೂ ಹೇಳಬಾರದು, ಡಾಕ್ಟರಿಗಂತೂ ಹೇಳಲೇಬಾರದು ಎಂದು ನಿರ್ಧರಿಸಿ, ಕಾಲು ಮಡಚದೆ ಮೆಲ್ಲಗೆ ಕೆಳಗಿಳಿದಳು.