ಒಂದೇ ಒಂದು ಕುದಿ

ಒಲೆಯ ನೀಲಿ ಉರಿ ಹಳದಿಗೆ ತಿರುಗಿದ್ದೇ ಆ ಶನಿವಾರದ ರಾಮಾಯಣಕ್ಕೆಲ್ಲ ಕಾರಣ.

"ಗ್ಯಾಸ್ ಮುಗೀತಾ ಬಂತು," ಎಂದಳು ಪಂಕಜಾ, ಸಿಲಿಂಡರನ್ನು ಅಲ್ಲಾಡಿಸಿ ನೋಡಿ. "ಮಧ್ಯಾಹ್ನ ಅದಿತಿ ಫ್ರೆಂಡ್ಸ್ ಬರ್ತಾರೆ. ಹುಟ್ಟುಹಬ್ಬಕ್ಕೆ ಪಾಸ್ತಾನೇ ಆಗ್ಬೇಕಂತೆ. ನಾನು ಏಜೆನ್ಸಿಗೆ ಹೋಗಿ ಕ್ಯೂ ನಿಲ್ತೀನಿ. ಬರೋವರೆಗೂ ಒಲೆ ಮುಟ್ಟಬೇಡಿ."

ಜನವರಿಯ ಮಂಜಿಗೆ ಗ್ಯಾಸ್ ಲಾರಿಗಳು ದಾರಿಯಲ್ಲೇ ನಿಂತು, ದೆಹಲಿಯ ವಸಂತ್ ಕುಂಜ್‌ನ ಅರ್ಧ ಮನೆಗಳಲ್ಲಿ ಅದೇ ಗೋಳು. ಪಂಕಜಾ ಶಾಲು ಬಿಗಿದುಕೊಂಡು ಆಟೋ ಹತ್ತಿದಳು. ಮನೆಯಲ್ಲಿ ಉಳಿದವರು ಇಬ್ಬರು: ಟಿವಿ ಮುಂದೆ ಮಗಳು ಅದಿತಿ, ಅಡುಗೆಮನೆಯ ಬಾಗಿಲಲ್ಲಿ ಗಂಡ, ಯೂನಿವರ್ಸಿಟಿ ಕಚೇರಿಯ ಬಸವಲಿಂಗಪ್ಪನವರು.

ಬಸವಲಿಂಗಪ್ಪನವರ ಮಾತು ಫ್ಯಾನಿನ ಸದ್ದಿನ ಹಾಗೆ. ಇದೆಯೆಂದು ಎಲ್ಲರಿಗೂ ಗೊತ್ತು, ಕಿವಿಗೊಡುವವರು ಯಾರೂ ಇಲ್ಲ. ಕೆಲವು ದಿನಗಳಿಂದ ಅವರು ಮನೆಯಲ್ಲೂ ಕಚೇರಿಯಲ್ಲೂ ಒಂದೇ ವಿಷಯ ಹೇಳುತ್ತಿದ್ದರು: ಅನ್ನವಾಗಲಿ ಪಾಸ್ತಾವಾಗಲಿ ಬೇಯುವುದಕ್ಕೆ ಬೇಕಾದದ್ದು ಬಿಸಿ, ಉರಿಯಲ್ಲ. ಚೆನ್ನಾಗಿ ಒಂದು ಕುದಿ ಬರಿಸಿ, ಒಲೆ ಆರಿಸಿ, ಬಿಸಿ ಹೊರಗೆ ಹೋಗದಂತೆ ಮುಚ್ಚಿಟ್ಟರೆ ಉಳಿದದ್ದು ತಾನೇ ಆಗುತ್ತದೆ. ಕಚೇರಿಯಲ್ಲಿ ಕೇಳಿದವರು ಆಕಳಿಸಿದರು. ಪಂಕಜಾ, "ಕಾವು ಕೊಡೋದು ಕೋಳಿ ಕೆಲಸ, ನಿಮ್ಮದಲ್ಲ," ಎಂದು ಒಗ್ಗರಣೆ ಹಾಕಲು ಹೋಗಿದ್ದಳು.

ಇಂಥ ಅವಕಾಶ ಇನ್ನೆಂದು ಬಂದೀತು? ಊಟಕ್ಕೆ ಅನ್ನವನ್ನು ಹೀಗೆ ಮಾಡಿದರೆ ಉಳಿದ ಗ್ಯಾಸಿನಲ್ಲಿ ಪಾಸ್ತಾ ಆಗಿಯೇ ಆಗುತ್ತದೆ. ಹೆಂಡತಿ ಬರಿಗೈಯಲ್ಲಿ ಬಂದರೂ ಮಗಳ ಮುಖ ಬಾಡುವುದಿಲ್ಲ. ಅವರು ನೆನೆಸಿದ ಅಕ್ಕಿಯನ್ನು ದಪ್ಪ ತಳದ ಪಾತ್ರೆಯಲ್ಲಿಟ್ಟು, ಕುದಿ ಬಂದು ಸ್ವಲ್ಪ ಹೊತ್ತಿಗೆ ಒಲೆ ಆರಿಸಿದರು. ಮುಚ್ಚಳ ಹಾಕಿ, ಬಾಣಂತಿಯನ್ನು ನಡೆಸಿಕೊಂಡು ಹೋಗುವಷ್ಟು ಜೋಪಾನವಾಗಿ ಮಂಚದ ಮೇಲಿಟ್ಟು, ಎರಡೂ ಕಡೆ ದಿಂಬು ಒತ್ತಿ, ಮೇಲೆ ದಪ್ಪ ಹತ್ತಿಯ ರಜಾಯಿ ಹೊದಿಸಿದರು.

ಆಗಲೇ ಎದುರು ಮನೆಯ ಮಿಸೆಸ್ ಚಡ್ಡಾ ಮೊಸರಿಗೆ ಹೆಪ್ಪು ಕೇಳಲು ಬಂದರು. ತೆರೆದ ಬಾಗಿಲಿನಿಂದ ಮಂಚ ಕಾಣುತ್ತಿತ್ತು.

"ಅರೇ, ಭಾಭೀಜಿ ಇನ್ನೂ ಮಲಗಿದ್ದಾರಾ?" ಎಂದು ಹಿಂದಿಯಲ್ಲಿ ಕೇಳುತ್ತಾ ಒಳಗೇ ನುಗ್ಗಿದರು.

ಎಲ್ಲಿ ರಜಾಯಿ ಎತ್ತಿಬಿಡುತ್ತಾರೋ ಎಂದು ಬಸವಲಿಂಗಪ್ಪ ಅಡ್ಡ ನಿಂತರು. ದೆಹಲಿಗೆ ಬಂದು ತಲೆಗೂದಲು ನರೆತರೂ ಅವರ ಹಿಂದಿ ಇನ್ನೂ ಎಳಸು. ಮುಟ್ಟಬೇಡಿ, ತುಂಬಾ ಬಿಸಿ ಎನ್ನಲು, "ಮತ್ ಛೂನಾ! ಬಹುತ್ ಗರಮ್ ಹೈ!" ಎಂದರು.

"ಹಾಯ್ ರಬ್ಬಾ, ಬುಖಾರ್! ಅಷ್ಟೊಂದು ಜ್ವರವಾ!" ಮಿಸೆಸ್ ಚಡ್ಡಾ ಹೆಪ್ಪಿನ ಬಟ್ಟಲನ್ನು ಅಲ್ಲೇ ಬಿಟ್ಟು ಓಡಿದರು. ಪೂರ್ತಿ ಉತ್ತರ ಕೇಳಿ ಹೋಗುವ ಅಭ್ಯಾಸ ಆಕೆಗಿರಲಿಲ್ಲ.

ಅರ್ಧ ಗಂಟೆಯಲ್ಲಿ ಕೋಣೆ ತುಂಬ ಹೆಂಗಸರು. ಮೇಲಿನ ಮನೆಯ ನಿವೃತ್ತ ಸುಬೇದಾರ್ ಪೊನ್ನಣ್ಣನವರ ಹೆಂಡತಿ ಬೋಜಮ್ಮ ಕರಿಮೆಣಸಿನ ಕಷಾಯ ಹಿಡಿದೇ ಬಂದಿದ್ದರು.

"ಬೋಜಮ್ಮನವರೇ, ಅದು ಪಂಕಜಾ ಅಲ್ಲ, ಅನ್ನ..."

"ನೀವು ಸುಮ್ನಿರಿ. ಗಂಡಸರಿಗೆ ಏನು ಗೊತ್ತಾಗ್ತದೆ?" ಬೋಜಮ್ಮ ರಜಾಯಿಯೊಳಗೆ ಕೈ ತೂರಿಸಿದರು. ಮರುಗಳಿಗೆ ಕಿರುಚಿದರು. "ಅಯ್ಯೋ ದೇವರೇ! ತಲೆ ಕೆಂಡದ ಹಾಗೆ ಸುಡ್ತಾ ಉಂಟು! ಒಂದು ಕೂದಲೂ ಉಳಿದಿಲ್ಲ!"

ಸದ್ದಿಗೆ ಅದಿತಿ ಓಡಿಬಂದಳು. "ಪಪ್ಪಾ, ಮಮ್ಮಿ ತೋ ಗ್ಯಾಸ್ ತರೋಕೆ ಗಯೀ ಹೈ ನಾ?" ಎಂದು ರಜಾಯಿ ಎಳೆದುಬಿಟ್ಟಳು.

ದಿಂಬುಗಳ ನಡುವೆ ಪಾತ್ರೆ ಹೊಳೆಯುತ್ತಾ ಕುಳಿತಿತ್ತು. ಬಸವಲಿಂಗಪ್ಪ ಬೇರೆ ದಾರಿ ಕಾಣದೆ ಮುಚ್ಚಳ ತೆಗೆದರು. ಹಬೆಯ ಜೊತೆ ಘಮ್ಮೆಂದು ಪರಿಮಳ ಎದ್ದಿತು. ಅನ್ನ ಮಲ್ಲಿಗೆ ಬಿಡಿಸಿಟ್ಟಂತೆ ಬಿಡಿಬಿಡಿಯಾಗಿ ಬೆಂದಿತ್ತು.

ಯಾರೂ ನಗಲಿಲ್ಲ. ಮಿಸೆಸ್ ಚಡ್ಡಾ ಒಂದು ಅಗುಳನ್ನು ಹಿಸುಕಿ ನೋಡಿ, "ಗ್ಯಾಸ್ ಇಲ್ಲದೆ?" ಎಂದರು.

"ಒಂದೇ ಒಂದು ಕುದಿ," ಎಂದರು ಬಸವಲಿಂಗಪ್ಪ.

ಆಮೇಲೆ ಅವರು ಹೇಳಿದರು, ಆ ಹೆಂಗಸರು ಕೇಳಿದರು. ಅಕ್ಕಿಗೆ ಹೇಗೆ, ಗೋಧಿ ನುಚ್ಚಿಗೆ ಹೇಗೆ, ಪಾಸ್ತಾವನ್ನು ಸುತ್ತಿಡುವುದೂ ಬೇಡ, ಮುಚ್ಚಿಟ್ಟರೆ ಸಾಕು ಎಂದೆಲ್ಲ ವಿವರಿಸಿದರು. ಅವರ ಮುರುಕು ಹಿಂದಿಯನ್ನು ಬೋಜಮ್ಮ ನೆಟ್ಟಗೆ ಮಾಡಿ ದಾಟಿಸಿದರು. ಒಬ್ಬರು ಪ್ರಶ್ನೆ ಕೇಳಿದರೆ ಇನ್ನೊಬ್ಬರು "ಶ್, ಅವರು ಹೇಳಲಿ," ಎಂದರು. ಅವರ ಮಾತಿಗೆ ಇಂಥ ಮೌನ ಸಿಕ್ಕಿದ್ದು ಅದೇ ಮೊದಲು. ಹೇಳಿದ್ದನ್ನೇ ಇನ್ನೊಮ್ಮೆ ಹೇಳಿದರು.

ಮೊದಲು ಬೋಜಮ್ಮ ಕಡುಬಿಗೆಂದು ಅಕ್ಕಿ ತರಿ ತುಂಬಿದ ಪಾತ್ರೆ ತಂದರು. "ನಮ್ಮ ಗ್ಯಾಸೂ ಮುಗಿಯುವ ಹಾಗೆ ಉಂಟು. ಒಂದು ಕುದಿ ತಾನೇ?" ಮಿಸೆಸ್ ಚಡ್ಡಾ ಅಕ್ಕಿ ತಂದರು. ಹಿಂದೆಯೇ ಯಾರದೋ ಗೋಧಿ ನುಚ್ಚಿನ ದಲಿಯಾ, ಇನ್ಯಾರದೋ ಖಿಚಡಿ. ಬೇಡವೆನ್ನಲು ಬಸವಲಿಂಗಪ್ಪನವರಿಗೆ ನಾಲಿಗೆ ಬರಲಿಲ್ಲ. ಕೇಳಿಸಿಕೊಂಡವರನ್ನು ಬಾಗಿಲಿನಿಂದ ಕಳಿಸುವುದು ಹೇಗೆ? ಪಾತ್ರೆಗಳು ಅವರ ಒಲೆಯ ಮೇಲೇ ಒಂದೊಂದಾಗಿ ಕುದಿದು, ಕಂಕುಳಲ್ಲಿ ಕೂಸಿನ ಹಾಗೆ ತಂತಮ್ಮ ಮನೆಯ ರಜಾಯಿಗಳಿಗೆ ಹೋದವು.

ಎಲ್ಲರೂ ಹೋದಮೇಲೆ ಅವರು ಪಾಸ್ತಾಕ್ಕೆ ನೀರಿಟ್ಟರು. ನೀರು ಬೆಚ್ಚಗಾಗುವಷ್ಟರಲ್ಲಿ ಉರಿ ಒಮ್ಮೆ ಪಟಪಟಿಸಿ ಆರಿಹೋಯಿತು.

ಅದೇ ಹೊತ್ತಿಗೆ ಪಂಕಜಾ ಬಂದಳು. ಮೂಗು ಚಳಿಗೆ ಕೆಂಪಾಗಿತ್ತು, ಮುಖದಲ್ಲಿ ಮಾತ್ರ ಗೆದ್ದ ಕಳೆ. "ಬಂತಾ ಸಿಲಿಂಡರ್? ಜಗಳ ಆಡಿ ನನ್ನ ಕಣ್ಣೆದುರಿಗೇ ಗಾಡಿಗೆ ಹಾಕಿಸಿದೆ. ಗಾಡಿ ಭಯ್ಯಾ ನನಗಿಂತ ಮುಂಚೆ ಹೊರಟನಲ್ಲ!"

ಸಿಲಿಂಡರ್ ಈ ಬಾಗಿಲಿಗೆ ಬಂದೇ ಇರಲಿಲ್ಲ. ಗಾಡಿಯವನು ಬಂದಿದ್ದನೇ ಎಂದು ಕೇಳಲು ಬಸವಲಿಂಗಪ್ಪ ಎದುರು ಮನೆಯ ಬೆಲ್ ಒತ್ತಿದರು.

"ಬಂದಿದ್ದ, ಬಂದಿದ್ದ!" ಮಿಸೆಸ್ ಚಡ್ಡಾ ಅರಳಿದರು. "ನೀವು ಒಲೆ ಮುಂದೆ ಬಿಜಿ ಇದ್ರಲ್ಲ, ನಾನೇ ಹೇಳಿದೆ, ಈ ಭಾಯಿಸಾಬ್‌ಗೆ ಗ್ಯಾಸ್ ಯಾಕೆ, ಅವರ ಅಡುಗೆ ರಜಾಯಿಯಲ್ಲೇ ಆಗುತ್ತೆ ಅಂತ. ನಮಗೆ ಇಳಿಸಿಕೊಂಡೆ. ನಮ್ಮದು ಬಂದಾಗ ನೀವು ತಗೊಳ್ಳಿ. ಚಲೋ?"

ಮೆಟ್ಟಿಲ ಮೇಲೆ ಮಕ್ಕಳ ಕಲರವ ಕೇಳಿಸಿತು. ಬಸವಲಿಂಗಪ್ಪ ಒಳಗೆ ಓಡಿ, ಪಂಕಜಾಳ ಕಣ್ಣು ತಪ್ಪಿಸಿ, ಪಾಸ್ತಾದ ಪಾತ್ರೆಯನ್ನು ಎದುರು ಮನೆಯ ಒಲೆಯ ಮೇಲೆ ತಂದಿಟ್ಟರು. ಕೆಳಗೆ ಅವರದೇ ಸಿಲಿಂಡರ್. ನೀಲಿ ಉರಿ ದುಂಡಗೆ, ಸೊಗಸಾಗಿ ಉರಿಯುತ್ತಿತ್ತು. ನೀರಿನ ತಳದಲ್ಲಿ ಮೊದಲ ಗುಳ್ಳೆ ಏಳುವುದಕ್ಕೇ ಕಾದಿದ್ದವರಂತೆ ಮಿಸೆಸ್ ಚಡ್ಡಾ ಕೈ ಚಾಚಿ ಒಲೆ ಆರಿಸಿದರು.

"ಇನ್ನೂ ಕುದಿ ಬಂದಿಲ್ಲ ಬೆಹೆನ್‌ಜಿ..."

"ಸಾಕು ಭಾಯಿಸಾಬ್," ಎಂದರು ಆಕೆ, ಶಿಷ್ಯೆಯ ವಿನಯದಿಂದ. "ಉಳಿದದ್ದು ತಾನೇ ಆಗುತ್ತೆ."