ನೆಗ್ರೋನಿಗೆ ಹಿಪ್ಪುನೇರಳೆ

“ನೆಟ್ಟಗಿರೋದನ್ನ ಯಾಕೆ ರಿಪೇರಿ ಮಾಡ್ತೀರಿ, ಪ್ರೊಫೆಸರ್ರೇ?”

ಹೀಗೆ ಕೇಳಿದವರು ಕೆಳಮನೆಯ ಮುದುಕರಾದ ನೆಲ್ಲೋ. ನಾನು ಪ್ರೊಫೆಸರನಲ್ಲ. ಫ್ಲಾರೆನ್ಸಿನ ಅಂಚೆ ಕಚೇರಿಯಲ್ಲಿ ಮುದ್ರೆ ಒತ್ತುತ್ತ, ಬಿಡುವಿನಲ್ಲಿ ವಿಜ್ಞಾನ ಓದುವವನು. ಆ ಓದನ್ನು ಕಂಡು ಮುದುಕರು ದಯಪಾಲಿಸಿದ ಪದವಿ ಅದು. ಅವರೋ, ನದಿಯಾಚೆಯ ಬಾರಿನಲ್ಲಿ ಜೀವಮಾನವಿಡೀ ನೆಗ್ರೋನಿ ಎಂಬ ಕಾಕ್‌ಟೇಲ್ ಬೆರೆಸಿ ನಿವೃತ್ತರಾದವರು. ಜಿನ್, ಸಿಹಿ ವರ್ಮೂತ್, ಕೆಂಪು ಕಹಿಮದ್ಯ, ಮೂರೂ ಸಮಸಮ. ಮೇಲೊಂದು ಕಿತ್ತಳೆ ಹೋಳು. ಅದಕ್ಕೆ ಹಿಪ್ಪುನೇರಳೆ ಹಣ್ಣಿನ ಸಾರವನ್ನಿಳಿಸಿ ಪಾನಲೋಕದಲ್ಲಿ ಹೊಸ ಯುಗವನ್ನೇ ಉದ್ಘಾಟಿಸುತ್ತೇನೆಂದು ನಾನು ಘೋಷಿಸಿದ್ದೆ!

ಒಳಗಿನ ಕಾರಣ ಬೇರೆ. ನಾವು ಆ ಕಟ್ಟಡಕ್ಕೆ ಬರುವ ಮೊದಲೇ ನೆಲ್ಲೋರ ಹೆಂಡತಿ ತೀರಿಕೊಂಡಿದ್ದರು. ಅಂದಿನಿಂದ ಅವರು ಲೋಟ ಮುಟ್ಟಿರಲಿಲ್ಲ, ಯಾರ ಮನೆಗೂ ಹೋಗಿರಲಿಲ್ಲ. ಹೆಂಡತಿಯ ಹೆಸರನ್ನೂ ಎತ್ತುತ್ತಿರಲಿಲ್ಲ. ಕಿಟಕಿಯಿಂದ ಕಿಟಕಿಗೆ ಮಾತು, ಅಷ್ಟೇ. ಹೊಸ ರುಚಿಯ ನೆಪದಲ್ಲಾದರೂ ಅವರನ್ನು ನಮ್ಮ ಮೇಜಿಗೆ ಕರೆತರಬೇಕೆಂಬುದು ನನ್ನ ಹಂಬಲ.

ಹಣ್ಣು, ಸಕ್ಕರೆ, ತುಸು ವರ್ಮೂತ್ ಜಾಡಿಗೆ ತುಂಬಿ, ಮುಚ್ಚಳ ಬಿಗಿದು, ಜೂನಿನ ಬಿಸಿಲು ಬೀಳುವ ಕಿಟಕಿಕಟ್ಟೆಯ ಮೇಲಿಟ್ಟೆ.

“ಲಾಪೋ, ಅದು ಗುಳ್ಳೆ ಬಿಡ್ತಿದೆ,” ಎಂದಳು ಹೆಂಡತಿ ಇಲಾರಿಯ.

“ಶಾಖಕ್ಕೆ ಅಣುಗಳು ಚುರುಕಾಗ್ತವೆ ಕಣೇ.”

“ಹಾಗಾದ್ರೆ ಮುಚ್ಚಳ ತೆಗಿ. ಪಾಪ, ಅಣುಗಳಿಗೆ ಉಸಿರು ಕಟ್ಟಿದೆ.”

ಯೀಸ್ಟಿನ ಚರಿತ್ರೆಯನ್ನು ದಪ್ಪ ಪುಸ್ತಕದಲ್ಲಿ ಓದಿ ಮುಗಿಸಿದ್ದ ನನಗೆ, ಅದು ಹಣ್ಣಿನ ಸಿಪ್ಪೆಯ ಮೇಲೂ ಕೂತಿರುತ್ತದೆಂಬುದು ಹೊಳೆಯಲಿಲ್ಲ! ಭಾನುವಾರ ಮಧ್ಯಾಹ್ನ ಜಾಡಿ ಫಿರಂಗಿಯಂತೆ ಸಿಡಿಯಿತು. ಮುಚ್ಚಳ ಎದುರುಮನೆಯ ಹೆಂಚಿಗೆ. ರಸವೆಲ್ಲ ಕೆಳಗಿನ ತಂತಿಯಲ್ಲಿ ಒಣಗುತ್ತಿದ್ದ ನೆಲ್ಲೋರ ಬಿಳಿ ಲಿನನ್ ಚಾದರಕ್ಕೆ. ಬೀದಿಯಲ್ಲಿ ಯಾರೋ “ಅಯ್ಯೋ, ಕೊಲೆ!” ಎಂದು ಕಿರುಚಿದರು.

ಓಡಿಹೋಗಿ ಚಾದರವನ್ನು ಬೇಡಿ ತಂದೆ. ಈ ಬಣ್ಣ ಕ್ಷಾರಕ್ಕೆ ಶರಣಾಗುವುದೆಂದು ಸಾರಿ ಅಡುಗೆ ಸೋಡಾ ಸುರಿದೆ. ಕಲೆ ಹಸಿರುನೀಲಿಯಾಯಿತು! ತೊಳೆದು ವಿನೆಗರ್ ಸುರಿದೆ. ಮತ್ತೆ ಕೆಂಪು!

“ಚಾದರ ಒಗಿ ಅಂದ್ರೆ ಟ್ರಾಫಿಕ್ ಸಿಗ್ನಲ್ ಮಾಡ್ತಿದೀಯಲ್ಲೋ!” ಎಂದಳು ಇಲಾರಿಯ.

ಚೆನ್ನಾಗಿ ಜಾಲಿಸಿ, ಕೊನೆಯ ಅಸ್ತ್ರವಾಗಿ ಬ್ಲೀಚಿನಲ್ಲಿ ನೆನೆಹಾಕಿ, ನೆನೆಹಾಕಿದ್ದನ್ನೇ ಮರೆತೆ. ಕಲೆ ಹೋಯಿತು, ಬಟ್ಟೆಯ ಸಮೇತ. ನಟ್ಟನಡುವೆ ತಲೆ ತೂರುವಷ್ಟು ತೂತು!

ವಿಷಯ ತಿಳಿದ ನೆಲ್ಲೋ ಚಪ್ಪಲಿ ಎಳೆಯುತ್ತ ಮೆಟ್ಟಿಲು ಹತ್ತಿ ಬಂದರು. ಚಾದರವನ್ನು ಕೈಯಲ್ಲಿ ಹಿಡಿದು ಅದರ ಮೂಲೆಯ ಮೇಲೆ ಬೆರಳಾಡಿಸಿದರು.

“ಮೂಲೆಯಲ್ಲಿ ಎರಡಕ್ಷರ ಕಸೂತಿ ಇದೆ, ಸಿನ್ಯೋರ್ ನೆಲ್ಲೋ. ನಿಮ್ಮ ಮನೆಯವರದ್ದಾ?” ಕೇಳಿದಳು ಇಲಾರಿಯ.

“ಏ, ಹಳೇ ಸಾಮಾನಿನ ಸಂತೇದು ತಾಯಿ! ಯಾರ ಅಜ್ಜಿಯ ಅಕ್ಷರವೋ ಏನೋ. ಹರಿದು ಒರೆಸೋ ಬಟ್ಟೆ ಮಾಡ್ಕೊಳ್ಳಿ. ಎಲ್ಲಿ, ಆ ಕೊಲೆಗಾರನ ರಸ ಒಂದಿಷ್ಟು ಉಳಿದಿದ್ರೆ ಕೊಡಿ.”

ಸತ್ತವರ ಲಿನನ್ ಸಂತೆಯಲ್ಲಿ ರಾಶಿರಾಶಿ ಮಾರುವ ಊರು ನಮ್ಮದು. ಇನ್ನೊಂದು ಪ್ರಶ್ನೆ ಕೇಳುವುದು ನನಗೂ ಅನುಕೂಲವಾಗಿರಲಿಲ್ಲ.

ಅವರು ನಮ್ಮ ಮೇಜಿಗೆ ಕುಳಿತು ಒಂದು ಗುಟುಕು ಕುಡಿದರು. “ಅಭಿನಂದನೆ, ಪ್ರೊಫೆಸರ್ರೇ. ಕೆಮ್ಮಿನ ಔಷಧಿ ಕಂಡುಹಿಡಿದಿದೀರಿ.”

ಅಂದಿನಿಂದ ಪ್ರತಿ ಭಾನುವಾರ ಬಂದರು. ನನ್ನನ್ನು ಬಾಟಲಿ ಮುಟ್ಟಗೊಡದೆ ತಾವೇ ಬೆರೆಸಲು! ನಾನು ಬಂದ ಅತಿಥಿಗಳಿಗೆಲ್ಲ ಸಂತೆಯ ಚಾದರದ ಪ್ರಹಸನವನ್ನು ಅಭಿನಯಿಸುತ್ತಿದ್ದೆ. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವರು ನೆಲ್ಲೋ. ಒರೆಸಿ ಒರೆಸಿ ಸವೆದ ಕೊನೆಯ ತುಂಡನ್ನೂ ಇಲಾರಿಯ ಎಂದೋ ಎಸೆದಳು.

ಕಳೆದ ಚಳಿಗಾಲದಲ್ಲಿ ನೆಲ್ಲೋ ತೀರಿಕೊಂಡರು. ದೇಹ ಇನ್ನೂ ಮನೆಯಲ್ಲಿದ್ದಾಗಲೇ ಅವರ ತಂಗಿಯ ಮಗಳು ಓರ್ನೆಲ್ಲ ನಮ್ಮ ಬಾಗಿಲು ತಟ್ಟಿದಳು.

“ಒಂದು ಬಿಳಿ ಚಾದರ ಏನಾದ್ರೂ ನೋಡಿದೀರಾ? ಮನೆಯೆಲ್ಲ ಜಾಲಾಡಿದೆ. ಅತ್ತೆ ಮದುವೆಗೆ ಮುಂಚೆ ತಾನೇ ಕೂತು ಕಸೂತಿ ಹಾಕಿದ್ದು, ತವರಿನ ಹೆಸರಿನ ಅಕ್ಷರ.”

ನಾನು ಇಲಾರಿಯಳನ್ನು ನೋಡಿದೆ. ಅವಳು ನೆಲ ನೋಡಿದಳು.

“ಅತ್ತೆ ಅದರ ಮೇಲೇ ಪ್ರಾಣ ಬಿಟ್ಟಿದ್ದು. ಮಿಕ್ಕಿದ್ದೆಲ್ಲ ದಾನ ಕೊಟ್ರು ಮಾವ. ಅದೊಂದನ್ನ ಮಾತ್ರ ತಾವೇ ಒಗೆದು ಇಟ್ಕೊಂಡಿದ್ರು. ‘ನನ್ನನ್ನೂ ಅದರಲ್ಲೇ ಸುತ್ತಿ ಕಳಿಸಮ್ಮ’ ಅಂದಿದ್ರು.”