ಮೂರನೇ ಕೂಗಿಗೆ ಕೂರುವ ನಾಯಿ

ಹರಾಜಪ್ಪನವರು "ಕೂತ್ಕೋ" ಎಂದು ಗುಡುಗಿದಾಗ ಕೂತದ್ದು ನಾಯಿಯಲ್ಲ; ಆಗಷ್ಟೇ ಕುರ್ಚಿಯಿಂದ ಏಳುತ್ತಿದ್ದ ಕಟ್ಟಡ ಸಂಘದ ಅಧ್ಯಕ್ಷೆ. ನಾಯಿ ಆಕೆಯ ಕೈಚೀಲ ಮೂಸುತ್ತ ನಿಂತೇ ಇತ್ತು.

"ನಾಯಿಗೆ ಹೇಳಿದ್ದು, ಮೇಡಂ."

"ಅದಕ್ಕೆ ಹಾಗನ್ನಿಸಲಿಲ್ಲವಲ್ಲ," ಎಂದು ಆಕೆ ಮತ್ತೆ ಎದ್ದರು. "ನಿಮ್ಮ ಮೂರು ಮೂರು ಕೂಗು ಮೇಲಿನ ಮಹಡಿಗೂ ಕೇಳುತ್ತೆ. ಭಾನುವಾರ ಬರ್ತೀನಿ. ಒಂದೇ ಮಾತಿಗೆ ಕೂತ್ರೆ ಇಲ್ಲಿರಲಿ. ಇಲ್ಲದಿದ್ರೆ ಅದನ್ನ ಬೇರೆ ಕಡೆ ಕಳಿಸಿಬಿಡಿ."

ಹಳೆ ಸಾಮಾನುಗಳನ್ನು ಒಂದು ಸಲ, ಎರಡು ಸಲ, ಮೂರು ಸಲ ಎಂದು ಹರಾಜು ಕೂಗುವುದು ಹರಾಜಪ್ಪನವರ ಕಸುಬು. ಹೆಸರು ಬಂದದ್ದೂ ಅಲ್ಲಿಂದಲೇ. ಗುಜರಿ ಎಂಬ ಈ ನಾಯಿ, ಯಾರೂ ಕೊಳ್ಳದೆ ಉಳಿದ ಸೋಫಾ ಒಂದರ ಜೊತೆ ಮನೆ ಸೇರಿತ್ತು. ಅವರ ಪಾದದ ಮೇಲೆ ಗಲ್ಲವಿಟ್ಟು, ಅವರ ವೃತ್ತಿಜೀವನದ ಸಾಹಸಗಳನ್ನು ಪೂರ್ತಿ ಕೇಳುವ ಜೀವ ಅದೊಂದೇ. (ಹೆಂಡತಿಗೆ ಆ ಹೊತ್ತಿಗೆ ಸರಿಯಾಗಿ ಒಲೆಯ ಮೇಲಿಟ್ಟದ್ದೇನಾದರೂ ನೆನಪಾಗುತ್ತದೆ.) ಅದನ್ನು ಕಳಿಸುವ ಮಾತೇ ಇರಲಿಲ್ಲ.

ನಾಯಿಗಳಿಗೆ ಪಾಠ ಹೇಳುವಾಕೆ ಬಂದು ನೋಡಿದರು. "ನಾಯಿ ಸರಿಯಾಗೇ ಕಲಿತಿದೆ ಸರ್. ನೀವು ಹೇಳೋ ಮೊದಲೆರಡು ಸಲ ಲೆಕ್ಕಕ್ಕಿಲ್ಲ ಅಂತ ಅದಕ್ಕೆ ಗೊತ್ತು. ಒಂದೇ ಸಲ ಹೇಳಿ. ಮೆಲ್ಲಗೆ, ಪ್ರೀತಿಯಿಂದ. ಕೂತ ತಕ್ಷಣ ಬಿಸ್ಕತ್ತು ಕೊಡಿ."

"ಈ ದನಿಗೆ ಕಾಲಿಲ್ಲದ ಮೇಜು ಮಾರಾಟ ಆಗಿದೆ ಕಣಮ್ಮಾ. ನಾಯಿ ಮುಂದೆ ಪಿಸುಗುಟ್ಟೋ ಜಾಯಮಾನ ನಂದಲ್ಲ."

"ನಾಯಿ ಮಾತ್ರ ಅಲ್ಲ," ಅಡುಗೆಮನೆಯಿಂದ ಹೆಂಡತಿಯ ದನಿ ಬಂತು. "ನಾನೂ ನಿಮ್ಮ ಮೂರನೇ ಕೂಗಿಗೇ ಒಲೆ ಆರಿಸಿ ಬರೋದು."

ಆದರೂ ಹರಾಜಪ್ಪನವರಿಗೆ, ಅಧ್ಯಕ್ಷೆಯ ಎದುರು ಸೋಲುವುದಕ್ಕಿಂತ ನಾಯಿಯ ಎದುರು ತಗ್ಗುವುದು ವಾಸಿ ಎನಿಸಿತು. ಒಂದು ಸಲ ಹೇಳುವುದು ಕಷ್ಟವಲ್ಲ. ಉಳಿದೆರಡು ಗಂಟಲಲ್ಲಿ ಸಾಲುಗಟ್ಟಿ ನಿಲ್ಲುತ್ತಿದ್ದವು. ಕೊನೆಗೆ ಉಪಾಯ ಹೊಳೆಯಿತು: ಹೇಳಿದ ಕೂಡಲೇ ತಮ್ಮ ಬಾಯಿಗೂ ಒಂದು ಬಿಸ್ಕತ್ತು ತುರುಕಿಕೊಳ್ಳುವುದು. (ನಾಯಿಯ ಬಿಸ್ಕತ್ತೇ. ಉಪ್ಪು ಸಾಲದು ಎಂಬುದೊಂದೇ ಅವರ ದೂರು.) ಕೂಗು ನಿಂತ ಮೇಲೆ ಗುಜರಿ ಕಿವಿ ಮುದುರುವುದನ್ನು ಬಿಟ್ಟು ಅವರ ಮುಖ ನೋಡತೊಡಗಿತು. ಒಂದು ಸಂಜೆ ಅವರು ಅದೇ ಮೆಲುದನಿಯಲ್ಲಿ, "ಸ್ವಲ್ಪ ನೀರು ಕೊಡ್ತೀಯಾ?" ಎಂದರೆ ಹೆಂಡತಿ ಓಡಿಬಂದು ಹಣೆ ಮುಟ್ಟಿ ನೋಡಿದರು.

"ಜ್ವರ ಇಲ್ವಲ್ಲ?"

ಭಾನುವಾರ ಅಧ್ಯಕ್ಷೆ ಬಂದು ಯಾರೂ ಕೊಳ್ಳದ ಆ ಸೋಫಾದಲ್ಲಿ ವಿರಾಜಮಾನರಾದರು.

"ಕೂತ್ಕೋ ಮಗಾ," ಎಂದರು ಹರಾಜಪ್ಪ, ಮೆಲ್ಲಗೆ. ಬಿಸ್ಕತ್ತು ಬಾಯಿ ಸೇರಿತು.

ಗುಜರಿ ನಿಂತೇ ಇತ್ತು. ಅಧ್ಯಕ್ಷೆ ಗಡಿಯಾರ ನೋಡಿಕೊಂಡರು. ಬಾಗಿಲಲ್ಲಿದ್ದ ಹೆಂಡತಿಯ ತುಟಿ ತಾನಾಗಿ ಎರಡನೇ ಕೂಗಿಗೆ ತೆರೆಯಿತು. ಹರಾಜಪ್ಪ ಕಣ್ಣಲ್ಲೇ ತಡೆದರು. ಬಾಯಲ್ಲಿನ ಬಿಸ್ಕತ್ತು ಕರಗುತ್ತಿತ್ತು. ಗುಜರಿ ಒಮ್ಮೆ ಆಕಳಿಸಿ, ಮೈ ಮುರಿದು, ಅವರ ಪಾದದ ಪಕ್ಕಕ್ಕೆ ಬಂದು ಕೂತಿತು. ಅವರ ಕಣ್ಣು ತೇವವಾಯಿತು. (ಬಿಸ್ಕತ್ತು ಗಂಟಲಲ್ಲಿ ಸಿಕ್ಕಿಕೊಂಡಿತ್ತು ಎಂದು ಇವತ್ತಿಗೂ ಅವರ ವಾದ.)

"ಸರಿ, ಇರಲಿ ನಾಯಿ," ಎಂದರು ಅಧ್ಯಕ್ಷೆ. "ಅಂದ್ರೆ ಮೂರು ಮೂರು ಸಲ ಹೇಳೋ ಅಭ್ಯಾಸ ಬಿಟ್ರಾ?"

ಹರಾಜಪ್ಪ ಬಿಸ್ಕತ್ತು ನುಂಗಿ, ಎದೆ ಸೆಟೆಸಿ, ಹರಾಜಿನ ಸುತ್ತಿಗೆಯಂತೆ ಅಂಗೈಯನ್ನು ಮೇಜಿನ ಮೇಲೆ ಎತ್ತಿ ಹಿಡಿದರು.

"ಬಿಟ್ಟೆ. ಬಿಟ್ಟೆ. ಬಿಟ್ಟೇ ಬಿಟ್ಟೆ."